ರಾಯಭಾರಕ್ಕೆ ಒಯ್ದ ಶಾಲು

ನಮ್ಮ ಕಡೆ ಶಾಲನ್ನು ಯಾರೂ ಕೊಳ್ಳುವುದಿಲ್ಲ. ಅದು ಬರುತ್ತದೆ, ಹೋಗುತ್ತದೆ. ಮೈಸೂರಿನಲ್ಲಿ ಅಪ್ಪ ಹೈಸ್ಕೂಲಿನ ಹೆಡ್‌ಮಾಸ್ತರರಾಗಿದ್ದಾಗ ನಮ್ಮ ಬೀರುವಿನ ಕೆಳಗಿನ ಖಾನೆಯಲ್ಲಿ ಬರೀ ಶಾಲುಗಳೇ ಇದ್ದವು. ಯಾವ ವಾರ್ಷಿಕೋತ್ಸವಕ್ಕೆ ಹೋದರೂ ಒಂದು ಹೊದಿಸಿ ಕಳಿಸುತ್ತಿದ್ದರು. ಅಪ್ಪನ ಶಾಲೆಗೆ ಅತಿಥಿಗಳು ಬಂದಾಗ ಅಮ್ಮ ಅದೇ ಖಾನೆಯಿಂದ ಒಂದನ್ನು ತೆಗೆದು, ಕೊಡವಿ, ಇಸ್ತ್ರಿ ಮಾಡಿ ಕೊಡುತ್ತಿದ್ದಳು. ಒಮ್ಮೆ ಅಪ್ಪ ಯಾರಿಗೋ ಹೊದಿಸಿದ್ದ ಶಾಲು ಎಷ್ಟೋ ದಿನಗಳ ಮೇಲೆ ನಂಜನಗೂಡಿನ ಸಭೆಯೊಂದರಲ್ಲಿ ಅಪ್ಪನ ಹೆಗಲಿಗೇ ಬಂದು ಬಿತ್ತು. ಅಂಚಿನಲ್ಲಿದ್ದ ಇಸ್ತ್ರಿಯ ಕಲೆಯಿಂದ ಅಮ್ಮ ಗುರುತು ಹಿಡಿದಳು. "ಬಂದಳಲ್ಲ ಮಗಳು ತವರಿಗೆ" ಎಂದು ನಕ್ಕು ಮತ್ತೆ ಖಾನೆಗೆ ಸೇರಿಸಿದಳು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಇಲ್ಲಿ ಅಮೆರಿಕದ ಸ್ಯಾನ್ ರಮೋನ್‌ನಲ್ಲಿ ನಾನು ನಡೆಸುತ್ತಿದ್ದ ಭಾನುವಾರದ ಕನ್ನಡ ಕ್ಲಾಸಿನ ಜಾಗ ಹೋದದ್ದು ಒಂದು ಶಾಲಿನಿಂದ. ಹೋಯಿತೆಂಬುದು ಗೊತ್ತು. ಹೇಗೆ, ಯಾರ ತಪ್ಪಿನಿಂದ ಹೋಯಿತೆಂದು ಯೋಚಿಸಲು ಕೂತರೆ ಇವತ್ತಿಗೂ ನನ್ನ ತಲೆ ಗೊಂದಲದ ಗೂಡು.

ನಮ್ಮ ಮನೆಗಳ ಕಾಲೊನಿಗೆ ಈಜುಕೊಳದ ಪಕ್ಕದಲ್ಲಿ ಒಂದು ಕ್ಲಬ್‌ಹೌಸಿದೆ. ಅದರ ಹಿಂದಿನ ರೂಮಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಕ್ಲಾಸು. ವಾರವಿಡೀ ನಾನು ಆಫೀಸ್ ಪಾರ್ಕಿನ ಒಂದು ಕಟ್ಟಡದಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ಹುಳುಕು ಹುಡುಕುತ್ತ ಕೂರುತ್ತೇನೆ. ಹುಳುಕು ಸಿಕ್ಕರೆ ಬರೆದವರಿಗೆ ಸಿಟ್ಟು, ಸಿಗದಿದ್ದರೆ ಮ್ಯಾನೇಜರಿಗೆ ಅನುಮಾನ. ಭಾನುವಾರ ಮಾತ್ರ ನಾನು 'ಮಿಸ್ಸು'. "ಮಿಸ್, ಳ ಯಾಕೆ ಲ ಥರಾ ಇಲ್ಲ?" ಎಂದು ಒಂದು ಮಗು ಕೇಳಿದರೆ ಆ ವಾರದ ಆಯಾಸವೆಲ್ಲ ಇಳಿಯುತ್ತಿತ್ತು. ನನ್ನ ಮಗಳು ಕನ್ನಡ ಓದಲು ಕಲಿತದ್ದೂ ಆ ರೂಮಿನಲ್ಲಿಯೇ. ಅವಳು ಕಾಲೇಜಿಗೆ ಬಂದ ಮೇಲೂ ನಾನು ಕ್ಲಾಸು ಬಿಟ್ಟಿರಲಿಲ್ಲ. ಬಿಟ್ಟರೆ ನನಗೆ ಇಲ್ಲಿ ಇನ್ನೇನಿದೆ ಎಂಬ ಭಯ ಇತ್ತು. ಅದನ್ನು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ, ಅಷ್ಟೇ.

ರೂಮಿನ ಅನುಮತಿಯನ್ನು ಪ್ರತಿ ವರ್ಷ ಕಾಲೊನಿಯ ಕಮಿಟಿ ಹೊಸದಾಗಿ ಕೊಡಬೇಕು. ಆ ವರ್ಷ ದೂರುಗಳು ಬಂದಿದ್ದವು. ಬಾಗಿಲ ಹೊರಗೆ ಚಪ್ಪಲಿ ರಾಶಿ ಬೀಳುತ್ತದೆ, ಮಕ್ಕಳು ಒಟ್ಟಿಗೆ ಕೂಗುತ್ತಾರೆ, ಹಬ್ಬದ ವಾರ ತಂದ ಚಿತ್ರಾನ್ನದ ವಾಸನೆ ಕಾರ್ಪೆಟ್ಟಿನಿಂದ ಹೋಗುವುದಿಲ್ಲ. ಸುಳ್ಳೇನಲ್ಲ. ಕಮಿಟಿಯ ಐವರಲ್ಲಿ ಇಬ್ಬರು ನಮ್ಮ ಪರ, ಇಬ್ಬರು ವಿರುದ್ಧ ಎಂದು ಎಲ್ಲರಿಗೂ ಗೊತ್ತಿತ್ತು. ಐದನೆಯವರು ಅಧ್ಯಕ್ಷರು. ಅವರ ಮನಸ್ಸು ಯಾರಿಗೂ ಗೊತ್ತಿರಲಿಲ್ಲ.

ಅಧ್ಯಕ್ಷರು ಟರ್ಕಿಯ ಇಜ್ಮಿರಿನಲ್ಲಿ ಹುಟ್ಟಿದವರು. ಓದಲು ಈ ದೇಶಕ್ಕೆ ಬಂದು ಇಲ್ಲಿಯೇ ಚರಿತ್ರೆಯ ಮೇಷ್ಟರಾಗಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡ ಮೇಲೆ ಗುಡ್ಡದ ಬುಡದ ಕೊನೆಯ ಮನೆಯಲ್ಲಿ ಒಬ್ಬರೇ ಇದ್ದರು. ಎದುರಾದರೆ ಟೋಪಿ ಮುಟ್ಟಿ ಮುಂದೆ ಹೋಗುವವರು. ಅಷ್ಟರಿಂದ ಯಾರ ಪರ ಎಂದು ಹೇಗೆ ತಿಳಿಯುವುದು?

ನನ್ನ ಜೊತೆ ಪಾಠ ಮಾಡುವವಳು ಬೆಂಗಳೂರಿನ ಫ್ರೇಜರ್ ಟೌನಿನವಳು. ವಾರದ ದಿನಗಳಲ್ಲಿ ಮನೆಯಲ್ಲಿಯೇ ಡೇಕೇರ್ ನಡೆಸುತ್ತಾಳೆ. ಮನೆಮಾತು ಉರ್ದು, ಆದರೆ ಒತ್ತಕ್ಷರ ಕಲಿಸುವುದರಲ್ಲಿ ನಾನು ಅವಳ ಕಾಲಡಿ ನುಸುಳಬೇಕು. ಉಪಾಯ ಅವಳದೇ.

"ಅಕ್ಕಾ, ಸುಮ್ನೆ ಕೂತ್ರೆ ಆಗಲ್ಲ. ನಾವೇ ಹೋಗಿ ಒಂದ್ಸಲ ಮಾತಾಡಿಸ್ಕೊಂಡ್ ಬರೋಣ. ಮನುಷ್ಯ ಯಾವ ಕಡೆ ವಾಲ್ತಾರೆ ಅಂತಾನಾದ್ರೂ ಗೊತ್ತಾಗತ್ತೆ."

"ಹೋಗೋಣ. ಆದ್ರೆ ಬರಿಗೈಲಿ ಹೋಗಕ್ಕಾಗತ್ತೇನೇ?" ಎಂದೆ.

ದೇವರು, ಗುರು, ಬಸುರಿ, ಮಕ್ಕಳು, ಇವರನ್ನು ನೋಡಲು ಬರಿಗೈಲಿ ಹೋಗಬಾರದು ಎಂದು ಅಮ್ಮ ತಲೆಗೆ ತುಂಬಿಸಿಬಿಟ್ಟಿದ್ದಾಳೆ. ಅಧ್ಯಕ್ಷರು ಮೇಷ್ಟರು, ಅಂದರೆ ಗುರು. ನಾನು ಬಟ್ಟೆಯ ಕ್ಲಾಸೆಟ್ಟಿನ ಮೇಲಿನ ಖಾನೆಯಿಂದ ಜರಿಯಂಚಿನ ಒಂದು ಕೆನೆಬಣ್ಣದ ಶಾಲು ತೆಗೆದೆ. ರಾಜ್ಯೋತ್ಸವದಲ್ಲಿ ಮೈಕು ಜೋಡಿಸಿಕೊಟ್ಟದ್ದಕ್ಕೆ ನನ್ನ ಗಂಡನಿಗೆ ಹೊದಿಸಿದ್ದು. ಅದಕ್ಕೂ ಮುಂಚೆ ಯಾರ ಹೆಗಲ ಮೇಲಿತ್ತೋ, ಹೊದಿಸಿದವರಿಗೂ ಗೊತ್ತಿರಲಾರದು. ಪೇಟವೂ ಇದ್ದರೆ ಚೆನ್ನಾಗಿತ್ತು. ನಮ್ಮಲ್ಲಿದ್ದ ಒಂದೇ ಪೇಟ ನಾಟಕದ ಪೆಟ್ಟಿಗೆಯ ಜೊತೆ ಸರಟೋಗಾದಲ್ಲಿ ಯಾರದೋ ಮನೆ ಸೇರಿತ್ತು.

ರಜೆಗೆ ಬಂದಿದ್ದ ಮಗಳು ಸೋಫಾದಿಂದ ಕತ್ತೆತ್ತಿ ನೋಡಿದಳು. "ಅಮ್ಮ, ಹೀ ಈಸ್ ಆನ್ ದ ಬೋರ್ಡ್. ಯೂ ಕಾಂಟ್ ಗಿವ್ ಹಿಮ್ ಸ್ಟಫ್."

"ಸ್ಟಫ್ ಅಲ್ಲ ಕಣೇ ಇದು, ಶಾಲು."

ಅವಳು ಹುಬ್ಬು ಹಾರಿಸಿ ಮತ್ತೆ ಫೋನಿನೊಳಗೆ ಹೋದಳು. ನಾನೂ ಅದರ ಬಗ್ಗೆ ಯೋಚಿಸಲಿಲ್ಲ. ಶಾಲು ಕೊಟ್ಟರೆ ಲಂಚವೆಂದು ನಮ್ಮೂರಿನಲ್ಲಿ ಯಾರಾದರೂ ಅಂದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಶನಿವಾರ ಬೆಳಿಗ್ಗೆ ಹೋದೆವು. ಅವಳ ಕೈಯಲ್ಲಿ ಹಿತ್ತಲಿನ ಗಿಡದ ಕಿತ್ತಳೆ ತುಂಬಿದ ತಟ್ಟೆ, ನನ್ನ ಚೀಲದಲ್ಲಿ ಶಾಲು. ಅಧ್ಯಕ್ಷರು ನಮ್ಮನ್ನು ನಡುಮನೆಯಲ್ಲಿ ಕೂರಿಸಿ, ಸೊಂಟ ಸಣ್ಣಗಿರುವ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ಕೊಟ್ಟರು. ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಮಾತ್ರ ಅವರು ಕನ್ನಡದಲ್ಲೇ ಮಾತಾಡುತ್ತಾರೆ, ಅದನ್ನು ನಾನೇನೂ ಮಾಡಲಾರೆ.

ಗೋಡೆಯ ಮೇಲೆ ಒಂದು ಹಳೆಯ ಚಿತ್ರದ ನಕಲಿತ್ತು. ಇಕ್ಕಟ್ಟಾದ ಸಮುದ್ರದ ದಡದಲ್ಲಿ ಒಂದು ಕೋಟೆ. ಗೋಡೆ, ಬುರುಜು, ಫಿರಂಗಿಯ ಕಂಡಿ ಎಲ್ಲವನ್ನೂ ಕೂದಲೆಳೆಯಷ್ಟು ಸಣ್ಣ ಗೆರೆಯಲ್ಲಿ ಬರೆದಿತ್ತು. ಆದರೆ ಕೋಟೆಯ ಹಿಂದಿನ ಅರ್ಧ ಬರೀ ಬಿಳಿ ಕಾಗದ.

"ಇದ್ಯಾಕೆ ಅರ್ಧ ಬಿಟ್ಟಿದ್ದಾರೆ?" ಎಂದು ನನ್ನ ಗೆಳತಿ ಕೇಳಿದ್ದೇ ತಡ, ಮೇಷ್ಟರಿಗೆ ಜೀವ ಬಂತು. ತಮ್ಮ ಇಡೀ ಆಯುಷ್ಯ ಈ ವಿಷಯಕ್ಕೇ ಹೋಯಿತು ಎಂದರು. ಮುನ್ನೂರು ಚಿಲ್ಲರೆ ವರ್ಷಗಳ ಹಿಂದೆ ಯೂರೋಪಿನ ದೊರೆಗಳು ಇವರ ನಾಡಿನ ಸುಲ್ತಾನರ ಬಳಿಗೆ ರಾಯಭಾರಿಗಳನ್ನು ಕಳಿಸುತ್ತಿದ್ದರು. ಜೊತೆಗೆ ವೈದ್ಯ, ಪಾದ್ರಿ, ಅಡುಗೆಯವರು. ಕೆಲವು ಸಲ ಒಬ್ಬ ಚಿತ್ರಗಾರ. ಹೆಸರಿಗೆ ಚಿತ್ರಗಾರ, ನಿಜದಲ್ಲಿ ಕೋಟೆ ಕಟ್ಟುವ, ಕೆಡವುವ ವಿದ್ಯೆ ಬಲ್ಲವನು. ಹಡಗು ಗಾಳಿಗೆ ಕಾಯುತ್ತ ನಿಂತಾಗ ಮೀನು ಹಿಡಿಯುವ ನೆಪದಲ್ಲಿ ದಾರಕ್ಕೆ ಸೀಸದ ಗುಂಡು ಕಟ್ಟಿ ನೀರಿನ ಆಳ ನೋಡುವನು. ಔತಣಕ್ಕೆ ಕೂತಾಗ ಕಿಟಕಿಯಿಂದ ಗೋಡೆಯ ದಪ್ಪ ಅಂದಾಜು ಮಾಡುವನು. ಫಿರಂಗಿಗಳು ಯಾವ ಕಡೆ ಮುಖ ಮಾಡಿವೆ, ಗಾಲಿಗಳು ತುಕ್ಕು ಹಿಡಿದಿವೆಯೇ, ಎಲ್ಲವನ್ನೂ ಊರಿಗೆ ಬರೆದು ಕಳಿಸುವನು.

"ಸುಲ್ತಾನರ ಕಡೆಯವ್ರಿಗೆ ಗೊತ್ತಾಗ್ತಿರಲಿಲ್ವಾ?" ಎಂದಳು ಗೆಳತಿ.

"ಚೆನ್ನಾಗಿ ಗೊತ್ತಾಗುತ್ತಿತ್ತು. ಅದಕ್ಕೇ ಜೊತೆಗೆ ಕಾವಲಿನವರನ್ನು ಕೊಡುತ್ತಿದ್ದರು. ಹೆಸರಿಗೆ ರಕ್ಷಣೆ. ಕೆಲಸ ಮಾತ್ರ ಅತಿಥಿ ಎಲ್ಲಿ ನೋಡುತ್ತಾನೆ ಎಂದು ನೋಡುವುದು. ಎರಡು ಕಡೆಯವರೂ ನಗುನಗುತ್ತ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು."

ಅಷ್ಟು ಹೊತ್ತೂ ನಾನು ಮಾಡುತ್ತಿದ್ದುದೇನು? ಮೇಜಿನ ಮೇಲೆ ಕಮಿಟಿಯ ಕಾಗದವೇನಾದರೂ ಇದೆಯೇ, ನಮ್ಮ ವಿರೋಧಿಗಳ ಜೊತೆ ತೆಗೆಸಿಕೊಂಡ ಫೋಟೋ ಇದೆಯೇ ಎಂದು ಕಣ್ಣಾಡಿಸುತ್ತಿದ್ದೆ. ಮೇಷ್ಟರು ನನ್ನ ಕಡೆ ತಿರುಗಿ, "ನೀವು ಏನೋ ಹುಡುಕುತ್ತಿದ್ದೀರಿ" ಎಂದರು. ನನ್ನ ಕಿವಿ ಬಿಸಿಯಾಯಿತು. ಇವರು ಚರಿತ್ರೆ ಹೇಳುತ್ತಿದ್ದಾರೋ, ನಮ್ಮನ್ನೇ ಚುಚ್ಚುತ್ತಿದ್ದಾರೋ? "ಏನಿಲ್ಲ, ಮನೆ ಚೆನ್ನಾಗಿದೆ" ಎಂದು ತೊದಲಿದೆ.

ಆಮೇಲೆ ಅವರು ನಮ್ಮನ್ನು ಕೇಳತೊಡಗಿದರು. ಮಕ್ಕಳು ಎಷ್ಟು ದೂರದಿಂದ ಬರುತ್ತಾರೆ? ಚಪ್ಪಲಿ ಹೊರಗೆ ಬಿಡಲು ಕಾರಣವೇನು? ಅಡುಗೆ ಯಾವ ವಾರ ತರುತ್ತೀರಿ? ಇದು ಕುತೂಹಲವೋ ವಿಚಾರಣೆಯೋ ತಿಳಿಯದೆ ನಾನು ಒಂದಕ್ಕೆ ಹೆಚ್ಚು ಹೇಳಿದೆ, ಒಂದಕ್ಕೆ ಕಡಿಮೆ ಹೇಳಿದೆ. ಗಿಲ್‌ರಾಯ್‌ನಿಂದ ಅವಳಿ ಮಕ್ಕಳು ಬರುತ್ತಾರೆಂದು ಹೆಮ್ಮೆಯಿಂದ ಹೇಳಿ, ಹೊರಗಿನವರಿಗೆ ರೂಮು ಕೊಡುವಂತಿಲ್ಲ ಎಂಬ ನಿಯಮವಿದ್ದರೆ ಎಂದು ಆಮೇಲೆ ನಾಲಗೆ ಕಚ್ಚಿಕೊಂಡೆ. ಆ ಬಿಳಿ ಅರ್ಧದ ಮಾತು ಅಲ್ಲಿಗೇ ನಿಂತಿತ್ತು. ಗೆಳತಿ ಬಿಡಲಿಲ್ಲ, ಮತ್ತೆ ಕೇಳಿದಳು. ಹಡಗಿನಿಂದ ಕಂಡಷ್ಟನ್ನೇ ಆ ಚಿತ್ರಗಾರ ಬರೆದ, ಕಾಣದ್ದನ್ನು ಊಹಿಸಿ ಬರೆಯಲಿಲ್ಲ ಎಂದರು ಮೇಷ್ಟರು. "ಬೇಹುಗಾರನಾದರೂ ಮನುಷ್ಯ ಪ್ರಾಮಾಣಿಕ."

ಗೆಳತಿ ನನಗೆ ಕಣ್ಸನ್ನೆ ಮಾಡಿದಳು. ನಾನು ಎದ್ದು ಚೀಲದಿಂದ ಶಾಲು ತೆಗೆದೆ. "ಹಿರಿಯರನ್ನು ಕಂಡಾಗ ನಮ್ಮಲ್ಲಿ ಇದೊಂದು ಪದ್ಧತಿ" ಎಂದು ಅವರ ಹೆಗಲಿಗೆ ಹೊದಿಸಿ, ಅಪ್ಪ ಮಾಡುತ್ತಿದ್ದ ಹಾಗೆ ಎರಡೂ ಹೆಗಲನ್ನು ಮೆಲ್ಲಗೆ ತಟ್ಟಿದೆ. ಅವಳು ಕಿತ್ತಳೆ ತಟ್ಟೆ ಕೈಗಿಟ್ಟಳು. ಮೇಷ್ಟರು ಸೆಟೆದು ನಿಂತುಬಿಟ್ಟರು. ತಟ್ಟೆಯನ್ನು ಕೆಳಗಿಡುವುದನ್ನೂ ಮರೆತು ಶಾಲಿನ ಅಂಚನ್ನು ನೋಡಿದರು.

"ಹಿಲತ್" ಎಂದರು.

"ಖಿಲ್ಲತ್ತಾ? ನಮ್ಮ ನಾನಿ ಹೇಳ್ತಿದ್ರು, ದರ್ಬಾರಲ್ಲಿ ಕೊಡ್ತಿದ್ರಂತೆ" ಎಂದಳು ಗೆಳತಿ.

ಅದೇ. ಸುಲ್ತಾನನ ಮುಂದೆ ಹೋಗುವ ಮುಂಚೆ ರಾಯಭಾರಿಗೆ ಊಟ ಹಾಕಿ, ಈ ಹಿಲತ್ ಎಂಬ ಮರ್ಯಾದೆಯ ಮೇಲಂಗಿ ತೊಡಿಸುತ್ತಿದ್ದರಂತೆ. ಆಮೇಲೆ ಇಬ್ಬರು ಅವನ ತೋಳು ಹಿಡಿದು ಒಳಗೆ ನಡೆಸುವರು. ಇಷ್ಟು ಮರ್ಯಾದೆ ಎಲ್ಲೂ ಕಂಡಿಲ್ಲ ಎಂದು ಅವನು ಊರಿಗೆ ಬರೆಯುವನು. ಅದೇ ದಿನ ಅರಮನೆಯಲ್ಲಿ ಬೇರೆ ಥರ ಬರೆಯುವರು. ಹಸಿದು ಬಂದವನಿಗೆ ಅನ್ನ ಕೊಟ್ಟೆವು, ಬಟ್ಟೆ ಕೊಟ್ಟೆವು, ಇನ್ನು ಇವನು ನಮ್ಮ ನೆರಳಿನವನು. "ಇಬ್ಬರೂ ಸುಳ್ಳು ಬರೆಯಲಿಲ್ಲ. ಒಂದೇ ಬಟ್ಟೆ" ಎಂದರು ಮೇಷ್ಟರು. ನಾವು ಹೊರಡುವವರೆಗೂ ಶಾಲು ತೆಗೆಯಲಿಲ್ಲ. ಬಾಗಿಲಲ್ಲಿ ಏನೋ ಹೇಳಹೊರಟವರು ನಾನು ಮರೆತಿದ್ದ ಚೀಲವನ್ನು ಕೈಗೆ ಕೊಟ್ಟರು.

ದಾರಿಯುದ್ದಕ್ಕೂ ವಾದ. "ಗೆದ್ವಿ ಅಕ್ಕಾ. ಕಣ್ಣಲ್ಲಿ ನೀರಿತ್ತು, ನೋಡಿದ್ರಾ?"

"ಅಲರ್ಜಿ ಇರ್ಬೋದು ಕಣೇ. ಈ ಸೀಸನ್ನಲ್ಲಿ ಯಾರಿಗಿಲ್ಲ?"

"ಮತ್ತೆ ಆ ಬೇಹುಗಾರನ ಕಥೆ ಯಾಕ್ ಹೇಳಿದ್ರು ಅಂತೀರಾ?"

"ಅದೇ ನಂಗೂ ತಿಳೀತಿಲ್ಲ" ಎಂದೆ.

ಮುಂದಿನ ವಾರ ಕಮಿಟಿಯ ಸಭೆ ನಡೆದದ್ದು ನಮ್ಮ ಕ್ಲಾಸಿನ ರೂಮಿನಲ್ಲಿಯೇ. ಗೋಡೆಯ ಮೇಲೆ ನಮ್ಮ ಅಕ್ಷರಮಾಲೆಯ ಚಾರ್ಟಿತ್ತು. ಮಕ್ಕಳೇ ಬಣ್ಣ ಹಚ್ಚಿದ್ದು. ಆನೆಗೆ ನೇರಳೆ ಬಣ್ಣ, ಇಲಿಗೆ ಹಸಿರು. ಅಧ್ಯಕ್ಷರು ಒಂದು ಕಾಗದದ ಚೀಲ ಹಿಡಿದು ಬಂದರು. ನಮ್ಮ ವಿಷಯ ಬಂದಾಗ ಚೀಲದಿಂದ ಮಡಿಸಿದ ಶಾಲು ತೆಗೆದು ಮೇಜಿನ ಮೇಲಿಟ್ಟರು.

"ಅರ್ಜಿದಾರರಿಂದ ನಾನು ಒಂದು ಶಾಲು ಸ್ವೀಕರಿಸಿದ್ದೇನೆ. ಒಂದು ತಟ್ಟೆ ಕಿತ್ತಳೆಯನ್ನೂ. ಕಿತ್ತಳೆ ತಿಂದಾಯಿತು. ನಮ್ಮ ನಿಯಮದ ಪ್ರಕಾರ ಈ ವಿಷಯದಲ್ಲಿ ನಾನು ಮತ ಹಾಕುವಂತಿಲ್ಲ."

ವಿರುದ್ಧವಿದ್ದವರಲ್ಲಿ ಒಬ್ಬರು ಶಾಲಿನ ಬೆಲೆ ಎಷ್ಟು ಎಂದು ಕೇಳಿದರು. ಎಲ್ಲರೂ ನನ್ನ ಕಡೆ ನೋಡಿದರು. ಯಾರೂ ಯಾವತ್ತೂ ಕೊಳ್ಳದ ವಸ್ತುವಿಗೆ ಬೆಲೆ ಹೇಳುವುದು ಹೇಗೆ? "ಗೊತ್ತಿಲ್ಲ" ಎಂದೆ. ಬೆಲೆ ಹೇಳಲಾಗದಷ್ಟು ದುಬಾರಿ ಎಂದು ಅವರಿಗೆ ಕೇಳಿಸಿರಬೇಕು.

ಕೈ ಎತ್ತಿಸಿದರು. ಇಬ್ಬರು ಪರ, ಇಬ್ಬರು ವಿರುದ್ಧ. ಸಮ ಬಂದರೆ ಹಿಂದಿದ್ದದ್ದೇ ಮುಂದುವರಿಯುತ್ತದೆ ಎಂದುಕೊಂಡು ನಾನು ಎದ್ದು ನಿಂತು ನಗುತ್ತ ಥ್ಯಾಂಕ್ಯೂ ಹೇಳಿಬಿಟ್ಟೆ. ಗೆಳತಿ ಸೆರಗು ಜಗ್ಗಿ ಕೂರಿಸಿದಳು. "ಅಕ್ಕಾ, ಹೋಯ್ತು. ಟೈ ಆದ್ರೆ ಪಾಸಾಗಲ್ಲ."

ಮನೆಯಲ್ಲಿ ಮಗಳು "ಐ ಟೋಲ್ಡ್ ಯೂ" ಅನ್ನಲಿಲ್ಲ. ಬಾಯಿ ಬಿಟ್ಟು ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಗಂಡ ಮಾತ್ರ, "ಗಣಪತಿ ಮಾಡಕ್ಹೋಗಿ ಅವರಪ್ಪನ್ನ ಮಾಡಿದ್ರಂತೆ. ಅದೂ ನನ್ನ ಶಾಲಲ್ಲಿ" ಎಂದರು.

"ನಿಮ್ಮ ಶಾಲಂತೆ! ಅಲ್ಲಿಂದ ಇಲ್ಲಿಗೆ ಮೈಕು ಹೊತ್ತಿದ್ದಕ್ಕೆ ಸಿಕ್ಕಿದ್ದು" ಎಂದು ರೇಗಿದೆ.

ಕ್ಲಾಸು ಗೆಳತಿಯ ಗರಾಜಿಗೆ ಹೋಯಿತು. ವಾಷಿಂಗ್ ಮೆಷಿನ್ ಪಕ್ಕದಲ್ಲಿ ಬೋರ್ಡು, ಸೈಕಲ್ಲುಗಳ ನಡುವೆ ಮಕ್ಕಳು. ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಗಿಲ್‌ರಾಯ್‌ನ ಅವಳಿಗಳ ತಂದೆ ಎರಡು ವಾರ ಬಂದರು. "ಮೇಡಂ, ಬೇಜಾರ್ ಮಾಡ್ಕೋಬೇಡಿ. ಅಷ್ಟು ದೂರದಿಂದ ಡ್ರೈವ್ ಮಾಡಿ ಗರಾಜಲ್ಲಿ ಕೂರ್ಸೋದಕ್ಕೆ ಮನಸ್ಸು ಬರ್ತಿಲ್ಲ" ಎಂದು ನಿಲ್ಲಿಸಿದರು. ಇನ್ನೂ ಕೆಲವರು ಹೇಳದೆಯೇ ನಿಂತರು. 'ಳ' ಕೇಳಿದ ಮಗುವೂ ಅವರಲ್ಲಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ.

ಆಮೇಲೆ ಸಿಟ್ಟು ಬಂತು. ಯಾರ ಮೇಲೆ ಎಂಬುದೇ ಬಗೆಹರಿಯಲಿಲ್ಲ. ಸೋಮವಾರ ಮೇಷ್ಟರು ಸತ್ಯವಂತರು ಅನ್ನಿಸುವುದು. ಮಂಗಳವಾರ, ಕಷ್ಟದ ಮತದಿಂದ ಜಾರಿಕೊಳ್ಳಲು ನನ್ನ ಶಾಲನ್ನೇ ನೆಪ ಮಾಡಿಕೊಂಡ ಘಾಟಿ ಮುದುಕ ಅನ್ನಿಸುವುದು. ಅವರ ರಾಯಭಾರಿಗಳ ಕಥೆಯನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದೆ. ಅದರಲ್ಲಿ ನಾನು ಯಾರು, ಅವರು ಯಾರು ಎಂಬುದೂ ತಿಳಿಯಲಿಲ್ಲ. ನೋಡಲು ಹೋದವಳು ನಾನು, ಬಟ್ಟೆ ತೊಡಿಸಿದವಳೂ ನಾನೇ. ಒಂದು ದಿನ ತಡೆಯಲಾರದೆ ಆಫೀಸಿನಿಂದ ಬರುವಾಗ ನೇರ ಅವರ ಮನೆಗೆ ಹೋದೆ.

ಬಾಗಿಲು ತೆರೆದ ಮೇಷ್ಟರ ಹೆಗಲ ಮೇಲೆ ಆ ಶಾಲಿತ್ತು.

"ಆ ದಿನವೇ ಬೇಡ ಅನ್ನಬಹುದಿತ್ತಲ್ಲ ನೀವು?" ಎಂದೆ, ಕೂರುವುದಕ್ಕೂ ಮುಂಚೆ. "ನಿಯಮ ನಿಮಗೆ ಗೊತ್ತಿತ್ತು. ನಮಗೆ ಗೊತ್ತಿರಲಿಲ್ಲ."

"ಅನ್ನಬೇಕಿತ್ತು. ನಾನು ನಿಮ್ಮ ಪರ ಕೈ ಎತ್ತುವವನಿದ್ದೆ."

ನಾನು ಕುರ್ಚಿ ಎಳೆದು ಕೂತೆ. ರೂಮು ಆಗಲೇ ನಮ್ಮದಾಗಿತ್ತು. ಸುಮ್ಮನೆ ಮನೆಯಲ್ಲಿ ಕೂತಿದ್ದರೂ ಆಗುತ್ತಿತ್ತು.

"ಈ ಬಟ್ಟೆಗಳ ಬಗ್ಗೆ ನಲವತ್ತು ವರ್ಷ ಬರೆದಿದ್ದೇನೆ. ಯಾವ ದಾರ, ಯಾವ ಬಣ್ಣ, ಯಾರಿಗೆ ಯಾವ ದರ್ಜೆಯದು, ಎಲ್ಲ" ಎಂದರು ಮೇಷ್ಟರು. "ನನಗೆ ಯಾರೂ ಒಂದನ್ನು ಹೊದಿಸಿರಲಿಲ್ಲ. ನೀವು ಹೊದಿಸಿ ಹೆಗಲು ತಟ್ಟಿದಿರಿ. ಹೆಂಡತಿ ಹೋದ ಮೇಲೆ ನನ್ನ ಹೆಗಲನ್ನು ಡಾಕ್ಟರು ಬಿಟ್ಟರೆ ಬೇರೆ ಯಾರೂ ಮುಟ್ಟಿಲ್ಲ. ಬೇಡ ಎನ್ನಲು ಬಾಯಿ ಬರಲಿಲ್ಲ."

"ಹಾಗಾದರೆ ಸಭೆಯಲ್ಲಿ ಹೇಳದೆ ಇರಬಹುದಿತ್ತು."

"ಹೇಳದಿದ್ದರೆ ಅದು ಲಂಚವಾಗುತ್ತಿತ್ತು. ಆಮೇಲೆ ಹೊದ್ದುಕೊಳ್ಳಲು ನನಗೆ ಆಗುತ್ತಿರಲಿಲ್ಲ."

ಸಿಟ್ಟು ಮಾಡಲು ಬಂದವಳಿಗೆ ಸಿಟ್ಟು ಎಲ್ಲಿಡುವುದೆಂದು ತಿಳಿಯಲಿಲ್ಲ. ಅವರು ಒಳಗಿನಿಂದ ಒಂದು ಸಾಸರ್ ತಂದರು. ಅದರಲ್ಲಿ ಒಂದು ಹಳದಿ ಅಕ್ಕಿಕಾಳು. ಶಾಲಿನ ಮಡಿಕೆಯಲ್ಲಿ ಸಿಕ್ಕಿತಂತೆ. ಏನಿದು ಎಂದು ಕೇಳಿದರು.

ಅಕ್ಷತೆ ಎಂದೆ. ಹರಸುವಾಗ ತಲೆಯ ಮೇಲೆ ಹಾಕುತ್ತೇವೆ. ಹೇಳುತ್ತ ಹೇಳುತ್ತ ನನಗೆ ನಾಚಿಕೆಯಾಯಿತು. ನಾವು ಇವರಿಗೆ ಅಕ್ಷತೆ ಹಾಕಿರಲಿಲ್ಲ. ಶಾಲು ಹೊಸದಲ್ಲ, ನನ್ನ ಗಂಡನಿಗೆ ಹೊದಿಸಿದ್ದು, ಅವರಿಗಿಂತ ಮುಂಚೆ ಇನ್ನಾರಿಗೋ ಎಂದು ಒಪ್ಪಿಕೊಂಡೆ. ಮೇಷ್ಟರು ನಕ್ಕರು. ಅಲ್ಲಿಯೂ ಹಾಗೇ ಆಗುತ್ತಿತ್ತಂತೆ. ಮೇಲಂಗಿ ಸಿಕ್ಕವರು ಅದನ್ನು ಪೇಟೆಯಲ್ಲಿ ಮಾರುವರು, ಅದು ತಿರುಗಿ ಅರಮನೆಯ ಉಗ್ರಾಣ ಸೇರಿ ಮತ್ತೊಬ್ಬ ರಾಯಭಾರಿಯ ಮೈಮೇಲೆ ಬರುವುದು.

"ಒಂದು ಕೇಳುತ್ತೇನೆ" ಎಂದರು ಆಮೇಲೆ. "ಆ ಕಾಲದ ಸತ್ತವರನ್ನು ಕೇಳಲು ಆಗುವುದಿಲ್ಲ, ಅದಕ್ಕೆ ನಿಮ್ಮನ್ನು. ಇದನ್ನು ನನಗೆ ಹೊದಿಸಿದ್ದು ಮರ್ಯಾದೆಗೋ, ರೂಮಿಗೋ?"

ಒಳ್ಳೆಯ ಸುಳ್ಳೊಂದು ನಾಲಗೆಯ ತುದಿಯಲ್ಲಿತ್ತು. ಆದರೆ ಎದುರಿನ ಗೋಡೆಯಲ್ಲಿ ಆ ಅರ್ಧ ಬಿಳಿ ಕಾಗದದ ಕೋಟೆ ಕಾಣುತ್ತಿತ್ತು.

"ಎರಡಕ್ಕೂ" ಎಂದೆ. "ನಮ್ಮಲ್ಲಿ ಅವೆರಡಕ್ಕೆ ಬೇರೆ ಬೇರೆ ಶಾಲಿಲ್ಲ."

ಅವರು ಚಹಾ ಮಾಡಲು ಎದ್ದರು. ಒಂದು ಕಡೆ ಜಾರಿದ್ದ ಶಾಲನ್ನು ನಾನೇ ಎಳೆದು ಸರಿಮಾಡಿದೆ, ಕೈ ತಾನಾಗಿ ಹೆಗಲು ತಟ್ಟಿತು. ಅದು ಯಾವುದಕ್ಕೆ ಎಂದು ಅವರು ಕೇಳಲಿಲ್ಲ.

ಮನೆಗೆ ಬರುವಾಗ ಕಾರು ನಿಲ್ಲಿಸಿ ಕ್ಲಬ್‌ಹೌಸಿನ ಗಾಜಿನಿಂದ ಒಳಗೆ ನೋಡಿದೆ. ನಮ್ಮ ಚಾರ್ಟು ಇನ್ನೂ ಗೋಡೆಯ ಮೇಲೆಯೇ ಇತ್ತು, ನೇರಳೆ ಆನೆ, ಹಸಿರು ಇಲಿ. ಅದನ್ನು ಇಳಿಸಿಕೊಳ್ಳಲು ಬೇಕಾದ ಕೀಲಿ ಅಧ್ಯಕ್ಷರ ಹತ್ತಿರವಿತ್ತು, ಕೇಳಲು ಮರೆತು ಬಂದಿದ್ದೆ. ಮಾರನೆಯ ದಿನ ಮತ್ತೆ ಹೋದೆ. ಈ ಸಲ ಬರಿಗೈಲಿ ಹೋದೆ.